ಕಣ್ಣಂಚಿನಲ್ಲಿ ಓಡಿದ ಹುಡುಗಿಯರು

ಮೂಡಲಗಿಯ ನಮ್ಮ ಶಾಲೆಯ ಮೈದಾನದಲ್ಲಿ ಒಂದು ಬೆಳಗ್ಗೆ ಖೋ ಖೋ ತಂಡದ ಕ್ಯಾಪ್ಟನ್ ನನ್ನೆದುರು ನಿಂತು ಏನೋ ಕೇಳುತ್ತಿದ್ದಳು. ಅವಳ ಎರಡು ಜಡೆ ಕಂಡವು. ಜಡೆಯ ಕೆಂಪು ರಿಬ್ಬನ್ ಕಂಡಿತು. ಕಿವಿಯೋಲೆ ಕೂಡ ಮಿನುಗಿತು. ನಡುವೆ ಇರಬೇಕಾದ ಮುಖ ಮಾತ್ರ ಇರಲಿಲ್ಲ. ಅಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ ಕರಿಹಲಗೆಯಂಥ ಬೂದು ಮಂಕು. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಮಂಕು ಹೋಗಲಿಲ್ಲ. ನಾನು ಎತ್ತ ನೋಡಿದರೆ ಅದೂ ಅತ್ತ ಬಂತು.

“ಟೀಚರ್, ಯಾಕ್ರಿ ಹಿಂಗ ನೋಡಾಕತ್ತೀರಿ?” ಎಂದು ಹುಡುಗಿ ಕೇಳಿದಳು.

“ಏನಿಲ್ಲ, ಕಣ್ಣಾಗ ಧೂಳ ಬಿದ್ದೈತಿ” ಎಂದೆ.

ಧೂಳಲ್ಲ ಎಂದು ನನಗೆ ಗೊತ್ತಿತ್ತು. ಕೆಲವು ತಿಂಗಳಿಂದ ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳುತ್ತಿದ್ದೆ. ಪೇಪರಿನ ಸಾಲುಗಳು ನಡುವೆ ಸೊಟ್ಟಗೆ ಬಾಗುತ್ತಿದ್ದವು. ಕನ್ನಡಕ ಬೇಕೇನೋ ಎಂದುಕೊಂಡು ಮುಂದೂಡುತ್ತ ಬಂದಿದ್ದೆ. ವಯಸ್ಸೇನೂ ಆಗಿರಲಿಲ್ಲ, ನಲವತ್ತು ಇನ್ನೂ ದೂರವಿತ್ತು.

ನಾನು ದೈಹಿಕ ಶಿಕ್ಷಕಿ. ಹುಕ್ಕೇರಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ದಿನಾ ಬಸ್ಸಿನಲ್ಲಿ ಹುಕ್ಕೇರಿಯ ಶಾಲೆಗೆ ಹೋಗಿಬರುತ್ತ ಖೋ ಖೋ ಕಲಿತವಳು. ಆ ದಿನಗಳಲ್ಲಿ ನನ್ನನ್ನು ಮುಟ್ಟುವುದು ಸುಲಭವಿರಲಿಲ್ಲ. ಅಟ್ಟಿಸಿಕೊಂಡು ಬರುವವಳ ಕಣ್ಣನ್ನು ಓದುತ್ತಿದ್ದೆ. ಅವಳ ಕಣ್ಣು ಹೊರಳಿದ ಕಡೆಗೇ ಕೈಯೂ ಬರುತ್ತದೆಂದು ನಂಬಿದ್ದೆ. ಟೀಚರಾದ ಮೇಲೆ ಹುಡುಗಿಯರಿಗೂ ಅದನ್ನೇ ಕಲಿಸಿದೆ. “ಮಾರಿ ನೋಡ್ರಿ, ಮಾರಿ ನೋಡ್ರಿ” ಎಂದು ಮೈದಾನದ ಅಂಚಿನಿಂದ ಒದರುತ್ತಿದ್ದೆ. ಈಗ ನನಗೇ ಮುಖ ಕಾಣದಂತಾಗಿತ್ತು.

ನನ್ನ ಗಂಡನಿಗೆ ಮೂಡಲಗಿಯಲ್ಲಿ ಪಂಪಿನ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿಯಿದೆ. ಮಾತು ಕಡಿಮೆ. ಅಂದು ಸಂಜೆ ನಾನು ವಿಷಯ ಹೇಳಿದಾಗ ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟು, “ನಾಳೆ ಗೋಕಾಕಕ್ಕ ಹೋಗೂಣು” ಎಂದಷ್ಟೇ ಅಂದರು. ಮರುದಿನ ಬೈಕಿನ ಹಿಂದೆ ಕೂತು ಹೋಗುವಾಗ ಇಕ್ಕೆಲದ ಕಬ್ಬಿನ ಹೊಲಗಳು ಮೊದಲಿನಂತೆಯೇ ಹಸಿರಾಗಿ ಸರಿಯುತ್ತಿದ್ದವು. ಎದುರಿಗಿದ್ದ ಅವರ ಬೆನ್ನಿನ ನಡುವೆ ಮಾತ್ರ ತೂತು ಬಿದ್ದಂತೆ ಕಾಣುತ್ತಿತ್ತು.

ಗೋಕಾಕದ ಕಣ್ಣಿನ ಡಾಕ್ಟರ್ ನನಗಿಂತ ಚಿಕ್ಕವರು. ಔಷಧಿ ಹಾಕಿ, ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಬೇರೆ ಬೇರೆ ಯಂತ್ರಗಳ ಮುಂದೆ ಗದ್ದ ಇಡಿಸಿದರು. ಕೊನೆಗೆ ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರೆ ಸುದ್ದಿ ಒಳ್ಳೆಯದಿರುವುದಿಲ್ಲ.

“ಅಕ್ಕಾರ, ಖರೆ ಹೇಳ್ತೇನ್ರಿ. ಕಣ್ಣಿನ ಹಿಂದ ಒಂದು ತೆಳ್ಳನ ಪರದೆ ಐತಿ, ರೆಟಿನಾ ಅಂತೇವಿ. ಅದರ ನಟ್ಟನಡುವಿನ ಕೋಶ ಸವೀಲಾಕತ್ತಾವು. ಇದು ಹುಟ್ಟಿನಿಂದ ನಿಮ್ಮ ಒಳಗ ಇದ್ದದ್ದು, ಈಗ ಹೊರಗ ಬಂದೈತಿ. ಹೋದದ್ದನ್ನ ತಿರುಗಿ ತರೋ ಔಷಧ ಸದ್ಯಕ್ಕ ಇಲ್ಲ.”

“ಪೂರಾ ಕುರುಡಿ ಆಗ್ತೇನೇನ್ರಿ?”

“ಇಲ್ರಿ. ಅಂಚು ಛಲೋ ಐತಿ. ಓದೋದು, ಮಾರಿ ಗುರುತು ಹಿಡಿಯೋದು ತ್ರಾಸ ಆಗ್ತೈತಿ. ಅಡ್ಡಾಡಾಕ ತ್ರಾಸ ಇಲ್ಲ.”

ಅಡ್ಡಾಡಲು ತ್ರಾಸವಿಲ್ಲ ಎಂಬ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ಮೈದಾನದಲ್ಲಿ ನಿಂತು ಮುಖಗಳನ್ನು ನೋಡುವುದೇ ನನ್ನ ಕೆಲಸವಾಗಿತ್ತು. ಮನೆಗೆ ಬಂದು ಸೀಟಿಯನ್ನು ಕೊರಳಿಂದ ತೆಗೆದು ಗೂಟಕ್ಕೆ ಹಾಕಿದೆ.

ನಮ್ಮ ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯ. ಕರೆದು ಕೂರಿಸಿ, ಚಹಾ ತರಿಸಿ, “ಬಾಯಾರ, ಮಕ್ಕಳ ಹೊಣಿ ಐತ್ರಿ. ಯಾರರೆ ಬಿದ್ರ, ಪೆಟ್ಟ ಆದ್ರ ನಿಮಗ ಕಾಣಬೇಕಲ್ಲ? ಸ್ವಲ್ಪ ದಿನ ಗ್ರಂಥಾಲಯ ನೋಡ್ಕೋರಿ. ಟೀಮ್ ಗಣಿತದ ಸರ್ ನೋಡ್ಕೊಳ್ಳಲಿ” ಎಂದರು. ಓದಲಾಗದವಳಿಗೆ ಪುಸ್ತಕದ ಕೋಣೆ! ಇಬ್ಬರಿಗೂ ಅದು ಒಟ್ಟಿಗೇ ಹೊಳೆಯಿತು. ಅವರು ನನ್ನ ಕಪ್ಪಿಗೆ ಇನ್ನಷ್ಟು ಚಹಾ ಸುರಿದರು.

ಗ್ರಂಥಾಲಯದ ಕೋಣೆ ಮೈದಾನದ ಪಕ್ಕದಲ್ಲೇ ಇತ್ತು. ಸಂಜೆ ಬಾಗಿಲು ಹಾಕಿ ಬೇವಿನ ಮರದ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಗಣಿತದ ಸರ್ ಪಾಪ, ಪ್ರಾಮಾಣಿಕವಾಗಿ ಹುಡುಗಿಯರನ್ನು ಓಡಿಸುತ್ತಿದ್ದರು. ಮೊದಮೊದಲು ನಾನು ಹಟ ಹಿಡಿದು ನೇರವಾಗಿ ನೋಡಲು ಹೆಣಗಿದೆ. ಯಾರನ್ನು ನೋಡಿದರೆ ಅವರೇ ಮಾಯವಾಗುತ್ತಿದ್ದರು. ಕಣ್ಣಲ್ಲಿ ನೀರು ಬರುತ್ತಿತ್ತು. ಒಂದು ಸಂಜೆ ಸಾಕಾಗಿ, ಮುಖ ತಿರುಗಿಸಿ ರಸ್ತೆಯ ಕಡೆ ನೋಡುತ್ತ ಕೂತೆ.

ಆಗ ನನ್ನ ಬಲಗಣ್ಣಿನ ಅಂಚಿನಲ್ಲಿ ಆಟ ತಾನಾಗಿ ಬಂದು ನಿಂತಿತು.

ಯಾರ ಮುಖವೂ ಇರಲಿಲ್ಲ, ಯಾವ ಗೆರೆಯೂ ಸ್ಪಷ್ಟವಿರಲಿಲ್ಲ. ಆದರೆ ಓಟವಿತ್ತು. ಉದ್ದ ಹೆಜ್ಜೆಯವಳು ಕ್ಯಾಪ್ಟನ್. ಮೊಣಕೈ ಹೊರಗೆ ಚಾಚಿ ಓಡುವವಳು ಎಂಟನೇ ತರಗತಿಯ ಗಿಡ್ಡ ಹುಡುಗಿ. ತಿರುಗುವ ಮೊದಲು ಸಣ್ಣದಾಗಿ ಜಿಗಿಯುವವಳು ದರ್ಜಿಯ ಮಗಳು. ಹೆಸರು ಕೂಗಿ ಗುರುತು ಹಿಡಿದಷ್ಟು ಸಲೀಸಾಗಿ ಎಲ್ಲರನ್ನೂ ಹಿಡಿದೆ. ಅವರು ನಿಂತರೆ ಕರಗಿಹೋಗುತ್ತಿದ್ದರು. ಓಡಿದರೆ ಮತ್ತೆ ಹುಟ್ಟಿಬರುತ್ತಿದ್ದರು. ರಸ್ತೆಯಿಂದ ಕಣ್ಣು ತೆಗೆಯಲು ಹೆದರಿ, ಹಾಗೆಯೇ ಕತ್ತು ಬಿಗಿಹಿಡಿದು ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಆ ಅಂಚಿನಲ್ಲಿ ಏನೋ ತಪ್ಪಿದಂತೆನಿಸಿತು. ಕ್ಯಾಪ್ಟನ್‌ಳ ಉದ್ದ ಹೆಜ್ಜೆಯೊಂದು ಗಿಡ್ಡವಾಗುತ್ತಿತ್ತು. ಆಟ ಮುಗಿದ ಮೇಲೆ ಅವಳನ್ನು ಕರೆದೆ.

“ಎಡಗಾಲಿಗೆ ಏನಾಗೇತವಾ?”

“ಏನಿಲ್ರಿ ಟೀಚರ್.”

“ಸುಳ್ಳ ಹೇಳಬ್ಯಾಡ. ಊರಿದ ಕೂಡಲೇ ಎತ್ತಿಬಿಡಾಕತ್ತೀದಿ.”

ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, “ನಿನ್ನೆ ಉಳುಕೈತ್ರಿ. ಹೇಳಿದ್ರ ಟೀಮ್‌ನಿಂದ ತೆಗೀತಾರಂತ ಹೇಳಿರಲಿಲ್ರಿ. ಸರ್‌ಗೂ ಗೊತ್ತಾಗಿಲ್ಲ” ಎಂದು, ತಡೆಯಲಾರದೆ ಕೇಳಿದಳು: “ಟೀಚರ್, ನಿಮಗ ಕಣ್ಣ ಕಾಣಂಗಿಲ್ಲಂತಲ್ರಿ?”

“ನೀ ನಿಂತ್ರ ಕಾಣಂಗಿಲ್ಲ. ಓಡಿದ್ರ ಕಾಣ್ತಿ” ಎಂದೆ. ಹೇಳುತ್ತಿದ್ದಂತೆ ನನಗೇ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು. ಅವಳ ಕಾಲಿಗೆ ನಾನೇ ಕ್ರೇಪ್ ಬ್ಯಾಂಡೇಜ್ ಸುತ್ತಿದೆ. ಬೆರಳಿಗೆ ಕಣ್ಣಿನ ಹಂಗಿರಲಿಲ್ಲ.

ಮುಂದಿನ ವಾರ ಒಬ್ಬಳೇ ಬಸ್ಸು ಹತ್ತಿ ಗೋಕಾಕಕ್ಕೆ ಹೋದೆ. ಡಾಕ್ಟರಿಗೆ ನಡೆದದ್ದೆಲ್ಲ ಹೇಳಿ, “ಇದು ಹೆಂಗ್ರಿ? ನಿಂತದ್ದು ಯಾಕ ಕಾಣಂಗಿಲ್ಲ, ಓಡಿದ್ದು ಯಾಕ ಕಾಣ್ತೈತಿ?” ಎಂದು ಕೇಳಿದೆ. ಅವರಿಗೆ ಹುರುಪು ಬಂತು. ಹೊರಗೆ ಕಾಯುವವರಿಗೆ ಸ್ವಲ್ಪ ತಡೆಯಿರಿ ಎಂದು ಹೇಳಿಕಳಿಸಿದರು.

“ರೆಟಿನಾ ಅಂದ್ರ ಬರೇ ಪರದೆ ಅಂತ ತಿಳ್ಕೋಬ್ಯಾಡ್ರಿ. ಅದರಾಗ ನರಕೋಶದ ದೊಡ್ಡ ಸಂತೀನ ಐತಿ. ಬೆಳಕ ಹಿಡಿಯೋ ಕೋಶ ಕೆಲವು, ಅವು ಹೇಳಿದ ಸುದ್ದಿ ಕೂಡಿಸಿ ಕಳದು ನೋಡೋವು ಕೆಲವು, ಮಿದುಳಿಗೆ ಸುದ್ದಿ ಮುಟ್ಟಿಸೋವು ಕೆಲವು. ನಡುವಿನ ಕೋಶ ಸಣ್ಣ ಸಣ್ಣದನ್ನ ನೋಡ್ತಾವು. ಅಕ್ಷರ, ಮಾರಿ, ಸೂಜಿ ಕಣ್ಣು. ಅಂಚಿನ ಕೋಶಕ್ಕ ಅಕ್ಷರ ಬರಂಗಿಲ್ಲ, ಆದ್ರ ಏನರೆ ಸರದ್ರ ತಡಾ ಮಾಡಂಗಿಲ್ಲ, ಲಗೂನ ಹೇಳ್ತಾವು. ನಿಂತದ್ದು ಅಂದ್ರ ಅವಕ್ಕ ಬ್ಯಾಸರ.”

“ಯಾವ ಕಡಿಂದ ಯಾವ ಕಡಿಗೆ ಓಡಿದ್ಲು ಅನ್ನೋದು? ಅದು ಕಣ್ಣಿಗೇ ತಿಳೀತೈತೇನ್ರಿ, ಮಿದುಳಿಗೇನ್ರಿ?”

“ಛಲೋ ಕೇಳಿದ್ರಿ!” ಎಂದವರೇ ನನ್ನ ಮುಂಗೈ ಹಿಡಿದು ಮೇಜಿನ ಮೇಲಿಟ್ಟರು. ಚಿತ್ರ ಬರೆದರೆ ನನಗೆ ಕಾಣದೆಂದು, ಕೈಯ ಮೇಲೆಯೇ ತೋರಿಸಿದರು. ಮೊಲದ ಕಣ್ಣಿನಲ್ಲೂ ಇಲಿಯ ಕಣ್ಣಿನಲ್ಲೂ ಕೆಲವು ನರಕೋಶಗಳು ಒಂದೇ ದಿಕ್ಕಿನ ಚಲನೆಗೆ ಕೂಗುತ್ತವಂತೆ. ಅದೇ ವಸ್ತು ಎದುರು ದಿಕ್ಕಿನಿಂದ ಬಂದರೆ ಸುಮ್ಮನೆ ಕೂಡುತ್ತವಂತೆ. ಕೂಗುವ ಕೋಶದ ಪಕ್ಕದಲ್ಲಿ ಅದರ ಬಾಯಿ ಮುಚ್ಚಿಸುವ ಇನ್ನೊಂದು ಬಗೆಯ ಕೋಶವಿರುತ್ತದಂತೆ. ಅದರ ಕವಲುಗಳು ಸಿಡಿದ ಬಾಣಬಿರುಸಿನ ಕಿಡಿಗಳಂತೆ ಸುತ್ತ ಚಾಚಿರುತ್ತವಂತೆ. ಚಲನೆ ಅತ್ತ ಕಡೆಯಿಂದ ಬಂದರೆ ಬಾಯಿ ಮೊದಲೇ ಮುಚ್ಚಿರುತ್ತದೆ. ಇತ್ತ ಕಡೆಯಿಂದ ಬಂದರೆ ಮುಚ್ಚುವುದರೊಳಗೆ ಕೂಗು ಹೊರಟುಹೋಗಿರುತ್ತದೆ. “ಮನಶ್ಯಾರ ಕಣ್ಣಾಗ ಈ ಕೆಲಸ ಕಣ್ಣು ಎಷ್ಟು ಮಾಡ್ತೈತಿ, ಮಿದುಳು ಎಷ್ಟು ಮಾಡ್ತೈತಿ ಅಂತ ಇನ್ನೂ ಹುಡುಕಾಕತ್ತಾರ್ರಿ. ಎರಡೂ ಕೂಡೇ ಮಾಡ್ತಾವು, ಅಷ್ಟಂತೂ ಖರೆ” ಎಂದು ಡಾಕ್ಟರು ಹಿಡಿದಿದ್ದ ನನ್ನ ಮುಂಗೈ ಬಿಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನೇ ಯೋಚಿಸಿದೆ. ಸಾಲಾಗಿ ಕೂತವರು, ಒಂದು ಕಡೆಗಷ್ಟೇ ಏಳುವವರು, ಬೆನ್ನಿಗೆ ಕೈ ತಾಗಿದರೆ ಎದ್ದು ಓಡುವವರು. ಇದು ನನಗೆ ಗೊತ್ತಿಲ್ಲದ ಲೋಕವೇನಾಗಿರಲಿಲ್ಲ. ಮೂಡಲಗಿಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ, ನೇರ ಮೈದಾನಕ್ಕೆ ಹೋದೆ.

ಮೂವರು ಹುಡುಗಿಯರನ್ನು ಉತ್ತರ-ದಕ್ಷಿಣವಾಗಿ ಸಾಲಿನಲ್ಲಿ ಕೂರಿಸಿದೆ. ನಡುವಿನವಳ ಬಾಯಲ್ಲಿ ಗಣಿತದ ಸರ್ ಕೊಟ್ಟ ಸೀಟಿ. ದಕ್ಷಿಣದವಳಿಗೆ, “ನಿನ್ನ ಮುಂದ ಯಾರರೆ ಓಡಿದ್ರ ಇಕಿ ಬೆನ್ನ ತಟ್ಟು” ಎಂದೆ. ನಡುವಿನವಳಿಗೆ, “ಬೆನ್ನ ತಟ್ಟಿದ್ರ ಸೀಟಿ ಊದು” ಎಂದೆ. ಉತ್ತರದವಳಿಗೆ, “ನಿನ್ನ ಮುಂದ ಯಾರರೆ ಓಡಿದ್ರ ಸೀಟಿ ಕಸ್ಕೊಂಡು ಇಕಿ ಬಾಯಿ ಮುಚ್ಚು” ಎಂದೆ. ಆಮೇಲೆ, ಅಷ್ಟರಲ್ಲಿ ಕಾಲು ವಾಸಿಯಾಗಿದ್ದ ಕ್ಯಾಪ್ಟನ್ ದಕ್ಷಿಣದಿಂದ ಓಡಿದಳು. ಬೆನ್ನಿಗೆ ತಟ್ಟು ಬಿತ್ತು, ಸೀಟಿ ಕೂಗಿತು, ಬಾಯಿ ಮುಚ್ಚುವ ಕೈ ತಡವಾಗಿ ಬಂತು. ಮತ್ತೆ ಉತ್ತರದಿಂದ ಓಡಿದಳು. ಈಗ ಬಾಯಿ ಮೊದಲೇ ಮುಚ್ಚಿತು. ಬೆನ್ನಿಗೆ ತಟ್ಟು ಬಿದ್ದರೂ ಸೀಟಿಯಿಲ್ಲ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಸದ್ದು ಕೇಳಿ ಹೆಡ್‌ಮಾಸ್ತರರು ಹೊರಗೆ ಬಂದರು.

“ಏನ ನಡಸೀರಿ ಬಾಯಾರ?”

“ಕಣ್ಣ ಮಾಡೇವ್ರಿ ಸರ್. ನೀವೊಮ್ಮೆ ಓಡ್ರಿ.”

ಅವರು ಹಿಂದೆ ಮುಂದೆ ನೋಡಿ, ಚಪ್ಪಲಿ ಬಿಟ್ಟು, ಪ್ಯಾಂಟಿನ ತುದಿ ಮಡಚಿ ದಕ್ಷಿಣದಿಂದ ಉತ್ತರಕ್ಕೆ ಓಡಿದರು. ಸೀಟಿ ಕೂಗಿತು. ಉತ್ತರದಿಂದ ದಕ್ಷಿಣಕ್ಕೆ ಓಡಿದರು. ಸದ್ದಿಲ್ಲ. ಮತ್ತೊಮ್ಮೆ ಓಡಿದರು, ಯಾರೂ ಕೇಳದಿದ್ದರೂ. ಏದುಸಿರು ಬಿಡುತ್ತ ಬಂದು ನಿಂತಾಗ ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಆಮೇಲೆ ರಸ್ತೆಯ ಕಡೆ ಮುಖ ಮಾಡಿ ನಿಂತು, “ಸರ್, ಯಾರನ್ನರೆ ಓಡಸ್ರಿ, ಹೆಸರ ಹೇಳಬ್ಯಾಡ್ರಿ” ಎಂದೆ. ಅವರು ಕೈಸನ್ನೆಯಲ್ಲೇ ಒಬ್ಬೊಬ್ಬರನ್ನು ಓಡಿಸಿದರು. ಓಡಿದವಳು ಯಾರು, ಎತ್ತ ಓಡಿದಳು, ಎಲ್ಲಿ ಕಾಲು ತಡವರಿಸಿದಳು, ಎಲ್ಲ ಹೇಳಿದೆ. ಒಂದೂ ತಪ್ಪಲಿಲ್ಲ.

“ಟೀಮ್ ನನಗ ತಿರುಗಿ ಕೊಡ್ರಿ ಸರ್. ಕಾಗದ ಓದೋದು, ಸ್ಕೋರ್ ಬರೆಯೋದು ಗಣಿತದ ಸರ್ ಮಾಡಲಿ. ಆಟ ನಾ ನೋಡ್ತೇನಿ.”

ಗಣಿತದ ಸರ್ ಅಲ್ಲೇ ನಿಂತಿದ್ದರು. “ದೇವ್ರಾಣಿ ಕೊಡ್ರಿ ಸರ್, ನನ್ನ ಮೊಣಕಾಲು ಉಳೀತಾವು” ಎಂದರು. ಹೆಡ್‌ಮಾಸ್ತರರು ಜೋರಾಗಿ ನಕ್ಕು ಒಪ್ಪಿಬಿಟ್ಟರು. ಅಂದು ಮನೆಗೆ ಹೋದವಳೇ ಗೂಟದ ಮೇಲಿನ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡೆ. ಗಂಡ ನೋಡಿದರು. ಒಳಗೆ ಹೋಗಿ ಚಹಾಕ್ಕೆ ಇಟ್ಟರು.

ಅಲ್ಲಿಂದ ನಾನು ಕಲಿಸುವುದೇ ಬೇರೆಯಾಯಿತು. “ಮಾರಿ ನೋಡ್ರಿ” ಎಂಬ ಮಾತನ್ನು ಬಿಟ್ಟೆ. ಓಡುವವಳಿಗೆ ದೂರದ ಯಾವುದಾದರೊಂದು ಮರದ ಮೇಲೆ ದೃಷ್ಟಿ ನಿಲ್ಲಿಸಲು ಹೇಳಿ, ಅಟ್ಟಿಸಿಕೊಂಡು ಬರುವವಳನ್ನೂ ಕೂತ ಸಾಲನ್ನೂ ಕಣ್ಣಂಚಿನಲ್ಲೇ ಹಿಡಿಯುವುದನ್ನು ರೂಢಿ ಮಾಡಿಸಿದೆ. ಕ್ಯಾಪ್ಟನ್ ಮೊದಲು ಒಪ್ಪಲಿಲ್ಲ. “ನೋಡದ ಹೆಂಗ ಓಡೂದ್ರಿ ಟೀಚರ್?” ಎಂದು ವಾದಿಸಿದಳು. “ನೋಡಬ್ಯಾಡ ಅನ್ನಾಕತ್ತಿಲ್ಲ, ಅಂಚಿನ್ಯಾಗ ನೋಡು. ಹಾವು ಬಂದ್ರ ಕಾಲ ಮೊದಲು ಜಿಗೀತಾವು, ಹಾವಂತ ಆಮ್ಯಾಲ ತಿಳೀತೈತಿ. ಹಂಗ” ಎಂದೆ. ಕೆಲವು ವಾರ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಕಂಬಕ್ಕೆ ಹಾಯ್ದರು, ನನ್ನನ್ನು ಬೈದುಕೊಂಡರು. ಆಮೇಲೆ ಒಂದು ದಿನ ಗಿಡ್ಡ ಹುಡುಗಿಯನ್ನು ಯಾರಿಂದಲೂ ಮುಟ್ಟಲಾಗಲಿಲ್ಲ. ಅವಳು ನೀರಿನ ಟಾಕಿಯನ್ನೇ ನೋಡುತ್ತ, ಗಾಳಿಗೆ ಹೊಯ್ದಾಡುವ ಎಲೆಯಂತೆ ಸಾಲಿನ ನಡುವೆ ನುಸುಳುತ್ತಿದ್ದಳು. ಉಳಿದವರು ಅವಳನ್ನು ನೋಡಿ ಕಲಿತರು.

ಆ ವರ್ಷ ನಾವು ತಾಲೂಕು ಗೆದ್ದು ಮುಂದಿನ ಪಂದ್ಯಗಳಿಗೆ ಹುಕ್ಕೇರಿಗೆ ಹೋದೆವು. ನಾನು ಚಿಕ್ಕವಳಿದ್ದಾಗ ಓಡಿದ ಊರು. ಬಸ್ಸಿನಿಂದ ಇಳಿದಾಗ ಒಂದು ಬೋರ್ಡನ್ನೂ ಓದಲಾಗಲಿಲ್ಲ, ಆದರೆ ಮೈದಾನದ ದಾರಿ ಕಾಲಿಗೆ ಗೊತ್ತಿತ್ತು. ಒಂದಾದ ಮೇಲೊಂದು ಪಂದ್ಯ ಗೆದ್ದು ಫೈನಲ್‌ಗೆ ಬಂದೆವು.

ಎದುರಾಳಿ ತಂಡದಲ್ಲಿ ಒಬ್ಬ ಎತ್ತರದ ಹುಡುಗಿ ಇದ್ದಳು. ಖೋ ಸಿಕ್ಕು ಏಳುವಾಗ ಕಣ್ಣನ್ನು ಒಂದು ಕಡೆ ಎಸೆದು ಇನ್ನೊಂದು ಕಡೆಗೆ ನುಗ್ಗುತ್ತಾಳೆಂದು ಔಟಾಗಿ ಬಂದ ನಮ್ಮ ಹುಡುಗಿಯರು ಹೇಳಿದರು. ಅವರು ಅಟ್ಟುವ ಮೊದಲ ಸರದಿಯಲ್ಲೇ ನಮ್ಮವರನ್ನು ಬೇಗಬೇಗ ಬಲಿ ಹಾಕಿದಳು. ಗಾಬರಿಯಲ್ಲಿ ನಮ್ಮ ಹುಡುಗಿಯರು ಕಲಿತದ್ದನ್ನು ಮರೆತು ಅವಳ ಮುಖವನ್ನೇ ನೋಡತೊಡಗಿದ್ದರು. ನಾನು ಕಂಬದ ಹಿಂದೆ ನಿಂತು, ಆಟದಿಂದ ಮುಖ ಓರೆ ಮಾಡಿ, ಅವಳನ್ನು ಅಂಚಿನಲ್ಲಿ ಇಟ್ಟುಕೊಂಡು ನೋಡುತ್ತಲೇ ಇದ್ದೆ. ಹಿಂದೆ ಯಾರೋ, “ಬಾಯಾರಿಗೆ ಸಿಟ್ಟ ಬಂದೈತಿ, ಆಟಾನ ನೋಡವಲ್ರು” ಎಂದರು. ನನಗೆ ಕಂಡದ್ದು ಅವರಿಗೆ ಕಂಡಿರಲಿಲ್ಲ. ಏಳುವ ಒಂದು ಕ್ಷಣ ಮೊದಲು, ಅವಳು ನಿಜವಾಗಿ ಹೋಗಬೇಕೆಂದಿದ್ದ ಕಡೆಯ ಭುಜ ಚೂರೇ ಚೂರು ಇಳಿಯುತ್ತಿತ್ತು. ಪ್ರತಿ ಸಲವೂ.

ವಿರಾಮದಲ್ಲಿ ಹುಡುಗಿಯರನ್ನು ಸುತ್ತ ಕೂರಿಸಿಕೊಂಡೆ.

“ಆಕಿ ಕಣ್ಣ ಸುಳ್ಳ ಹೇಳ್ತಾವು. ಭುಜ ಖರೆ ಹೇಳ್ತೈತಿ. ಯಾವ ಭುಜ ಇಳೀತೈತಿ, ಆ ಕಡೆ ಆಕಿ ಬರ್ತಾಳ. ನೀವು ಇನ್ನೊಂದ ಕಡೆ ಹೊರಳ್ರಿ. ಮಾರಿ ನೋಡಿದ್ರ ಔಟ್.”

“ಅಷ್ಟ ಸಣ್ಣದು ಕಾಣ್ತೈತೇನ್ರಿ ಟೀಚರ್?” ಎಂದಳು ಕ್ಯಾಪ್ಟನ್.

“ನನಗ ಕಂಡೈತಂದ್ರ ನಿಮಗ ಕಾಣಂಗಿಲ್ಲೇನು?”

ಆ ಮಾತಿಗೆ ಎಲ್ಲರೂ ನಕ್ಕರು, ನಕ್ಕು ಎದ್ದು ನಿಂತರು. ಅಟ್ಟುವ ಸರದಿಯಲ್ಲಿ ನಮ್ಮವರು ಹಿಂದಿನ ಅಂತರ ಮುಚ್ಚಿ ಸ್ವಲ್ಪ ಮುಂದೆ ಬಂದರು. ಕೊನೆಯ ಸರದಿಯಲ್ಲಿ ಓಡಿ ಉಳಿಯಬೇಕಿತ್ತು. ಮೊದಲ ಗುಂಪು ಬಹಳ ಹೊತ್ತು ಹೋರಾಡಿ ಔಟಾಯಿತು. ಆಮೇಲೆ ಕ್ಯಾಪ್ಟನ್ ಇನ್ನಿಬ್ಬರೊಂದಿಗೆ ಒಳಗೆ ಬಂದಳು. ಆ ಇಬ್ಬರೂ ಹೋದರು, ಅವಳೊಬ್ಬಳೇ ಉಳಿದಳು. ಅವಳೂ ಮುಟ್ಟಿಸಿಕೊಂಡಿದ್ದರೆ ನಮ್ಮ ಮುನ್ನಡೆ ಹೋಗಿ ಕಥೆ ಮುಗಿಯುತ್ತಿತ್ತು. ಎತ್ತರದ ಹುಡುಗಿಗೆ ಖೋ ಬಿತ್ತು. ಅವಳ ಕಣ್ಣು ಎತ್ತ ಹೋಯಿತೋ ನನಗೆ ಗೊತ್ತಿಲ್ಲ, ಬಲಭುಜ ಇಳಿಯಿತು. ಕ್ಯಾಪ್ಟನ್ ದೂರದ ಹುಣಸೆಮರವನ್ನು ನೋಡುತ್ತಲೇ ಇನ್ನೊಂದು ಕಡೆಗೆ ಹೊರಳಿದಳು. ಚಾಚಿದ ಕೈಗೆ ಗಾಳಿ ಸಿಕ್ಕಿತು. ಮತ್ತೆ ಖೋ, ಮತ್ತೆ ಭುಜ, ಮತ್ತೆ ಗಾಳಿ. ಆ ಉದ್ದ ಹೆಜ್ಜೆಗಳು ನನ್ನ ಕಣ್ಣಂಚಿನಲ್ಲಿ ಬಾಣಬಿರುಸಿನ ಬೆಂಕಿಯಂತೆ ಅತ್ತಿಂದಿತ್ತ ಹರಿದವು. ಕೊನೆಯ ಸೀಟಿ ಕೂಗಿದಾಗ ಅವಳು ಇನ್ನೂ ಓಡುತ್ತಿದ್ದಳು. ಗೆದ್ದೆವೆಂದು ಗೊತ್ತಾಗದೆ ಮತ್ತೊಂದು ಸುತ್ತು ಹೊಡೆದಳು.

ಜನರ ನಡುವಿನಿಂದ ಒಬ್ಬ ಗಂಡಸು ಒದರುವುದು ಎಲ್ಲರಿಗಿಂತ ಜೋರಾಗಿ ಕೇಳಿತು. ನನ್ನ ಗಂಡ. ಅಂಗಡಿ ಮುಚ್ಚಿ, ಹೇಳದೆ ಕೇಳದೆ ಬೈಕಿನಲ್ಲಿ ಬಂದಿದ್ದರು. ಹುಡುಗಿಯರು ಓಡಿಬಂದು ನನ್ನನ್ನು ಎತ್ತಿದರು. ಒಬ್ಬೊಬ್ಬರ ಮುಖವೂ ಹತ್ತಿರ ಬಂತು, ಒಂದೂ ಕಾಣಲಿಲ್ಲ. ಎಲ್ಲರೂ ಅಳುತ್ತಿದ್ದಾರೆಂದು ನನ್ನ ಕೊರಳು ಒದ್ದೆಯಾದಾಗ ತಿಳಿಯಿತು.

ಬಹುಮಾನ ಕೊಟ್ಟ ಮೇಲೆ ಎದುರಾಳಿ ತಂಡದ ಟೀಚರ್ ಹುಡುಕಿಕೊಂಡು ಬಂದರು. “ನಿಮ್ಮ ಹುಡುಗ್ಯಾರು ಯಾರ ಕಡೆನೂ ನೋಡಂಗಿಲ್ಲಲ್ರಿ? ಮತ್ತ ಹೆಂಗ ತಪ್ಪಿಸ್ಕೊಂತಾರ? ಏನ ಮಂತ್ರ ಐತ್ರಿ?” ಎಂದು ಕೇಳಿದರು.

“ಮಂತ್ರ ಏನಿಲ್ರಿ. ನಿಮ್ಮ ಟೀಮ್ ಕರ್ಕೊಂಡು ಮೂಡಲಗಿಗೆ ಬರ್ರಿ, ಎಲ್ಲಾ ತೋರಸ್ತೇನಿ. ಬೆಳಗ್ಗೆ ಲಗೂ ಬರ್ರಿ, ಬಿಸಲಾದ ಮ್ಯಾಲ ಹುಡುಗ್ಯಾರು ಸೋಮಾರಿ ಆಗ್ತಾರ” ಎಂದೆ.

ಅವರು ನಿಜವಾಗಿಯೂ ಬಂದರು, ಒಂದು ಭಾನುವಾರ ಟೆಂಪೊ ತುಂಬ ಹುಡುಗಿಯರನ್ನು ಹೇರಿಕೊಂಡು. ಎತ್ತರದ ಹುಡುಗಿಗೆ ಅವಳ ಭುಜದ ಗುಟ್ಟನ್ನು ನಾನೇ ಹೇಳಿದೆ. ಅವಳು ನಂಬದೆ, ಹಲವು ಸಲ ಎದ್ದು ಕೂತು ಮಾಡಿ ನೋಡಿ, ಕೊನೆಗೆ ನಾಚಿ ನಕ್ಕಳು. ಮಧ್ಯಾಹ್ನ ಎಲ್ಲರೂ ಕೂಡಿ ರೊಟ್ಟಿ, ಶೇಂಗಾ ಚಟ್ನಿ ಉಂಡರು. ಬಿಸಿಲು ಇಳಿದ ಮೇಲೆ ಎರಡು ತಂಡಗಳೂ ಗಣಿತದ ಸರ್ ಬರೆದ ಸುಣ್ಣದ ಗೆರೆಗಳ ಮೇಲೆ ಮತ್ತೊಂದು ಪಂದ್ಯ ಆಡಿದವು. ಅಂದೂ ನಾವೇ ಗೆದ್ದೆವು.